ಸುಮ್ಮನಿರಲು ಬಾರದ ಮೇಸ್ತ್ರಿ

ಮೇಸ್ತ್ರಿ ಆ ದಿನ ಮಾಡಬೇಕಾಗಿದ್ದ ಕೆಲಸ ಒಂದೇ: ಸಂಜೆಯವರೆಗೆ ಏನೂ ಮಾಡದೆ ಕೂರುವುದು. ಅದೊಂದು ಅವನ ಕೈಲಾಗಲಿಲ್ಲ.

ಮೇಸ್ತ್ರಿ ಅಂದರೆ ಗಾರೆ ಕೆಲಸದವನಲ್ಲ. ಕಂಡವರಿಗೆ ಭಾಷಣ ಬರೆದುಕೊಟ್ಟು ಸಂಸಾರ ತೂಗಿಸುವವನು. ಇಟ್ಟಿಗೆ ಜೋಡಿಸಿದ ಹಾಗೆ ಮಾತು ಜೋಡಿಸುತ್ತಾನೆಂದು ಹೆಂಡತಿ ಇಟ್ಟ ಹೆಸರು ಇಡೀ ಕಟ್ಟಡಕ್ಕೆ ಹಬ್ಬಿತ್ತು. ಅವನಿಗೆ ಗಿರಾಕಿಗಳು ಸಿಗುತ್ತಿದ್ದುದು ಒಂದು ಆನ್‌ಲೈನ್ ಸಂತೆಯಲ್ಲಿ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಇವನು ‘ಚಿನ್ನದ ಪೆನ್ನು’, ಈ ಸಲದ ಗಿರಾಕಿ ‘ಹಸಿರು ಛತ್ರಿ’. ಗಿರಾಕಿ ದುಡ್ಡನ್ನು ಮೊದಲೇ ಸಂತೆಯವರ ಕೈಗೆ ಕೊಟ್ಟಿರಬೇಕು. ಕೆಲಸ ಒಪ್ಪಿಗೆ ಎಂದು ಗುಂಡಿ ಒತ್ತಿದರೆ ದುಡ್ಡು ಬರೆದವನಿಗೆ ಸೇರುತ್ತದೆ. ಒತ್ತದೆ ಸುಮ್ಮನಿದ್ದರೂ ಗಡುವು ಮುಗಿದ ಕೂಡಲೇ ತಾನಾಗಿಯೇ ಬಂದು ಬೀಳುತ್ತದೆ.

ಹಸಿರು ಛತ್ರಿ ಒಂದು ಬೀಳ್ಕೊಡುಗೆ ಭಾಷಣ ಬರೆಸಿಕೊಂಡಿದ್ದ. ‘ಕುರ್ಚಿ ಖಾಲಿಯಾಗಬಹುದು, ಕುರ್ಚಿಯ ಬಿಸಿ ಆರುವುದಿಲ್ಲ’ ಎಂಬ ಸಾಲು ಬರೆದಾಗ ಮೇಸ್ತ್ರಿಗೇ ಕಣ್ಣು ತುಂಬಿತ್ತು. ಭಾಷಣ ತೆಗೆದುಕೊಂಡ ಪುಣ್ಯಾತ್ಮ ಗುಂಡಿ ಒತ್ತುವುದನ್ನು ಮರೆತಿದ್ದ. ಗಡುವು ಇವತ್ತು ಸಂಜೆ.

ಬಾಡಿಗೆಯ ಗಡುವೂ ಇವತ್ತು ಸಂಜೆಯೇ. ಕೆಳಗಿನ ಮನೆಯಲ್ಲೇ ಇರುವ ಮಾಲೀಕರು ನಿನ್ನೆ ಮೆಟ್ಟಿಲ ಬಳಿ ಅಡ್ಡಗಟ್ಟಿ, ಈ ಸಲ ತಪ್ಪಿದರೆ ಮನೆ ಖಾಲಿ ಮಾಡಿ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು.

"ಹೀಗೆ ಕೂತ್ರೆ ದುಡ್ಡು ನಡ್ಕೊಂಡು ಬರುತ್ತಾ?" ಎಂದಳು ಹೆಂಡತಿ.

"ಬರುತ್ತೆ ಕಣೆ. ಅಲ್ಲಿನ ನಿಯಮಾನೇ ಹಾಗೆ."

ಅಲ್ಲೇ ಗೋಡೆಗೊರಗಿ ಕೂತಿದ್ದ ಭಾವಮೈದುನ ನಕ್ಕ. ಇಟ್ಟ ಅಂಗಡಿಗಳನ್ನೆಲ್ಲ ಮುಚ್ಚಿ ಅಕ್ಕನ ಮನೆ ಸೇರಿದವನು ಅವನು. ಹಾಗಾಗಿ ವ್ಯಾಪಾರದ ಬಗ್ಗೆ ಅವನ ಬಳಿ ಸಲಹೆಗಳಿಗೆ ಬರವಿರಲಿಲ್ಲ. "ಗಿರಾಕಿಗೆ ಸ್ವಲ್ಪ ಬಿಸಿ ಮುಟ್ಟಿಸ್ಬೇಕು ಭಾವ. ಇಲ್ದಿದ್ರೆ ತಲೆ ಮೇಲೆ ಕೂರ್ತಾರೆ" ಎಂದ.

ಅಕ್ಕ ತಮ್ಮ ಇಬ್ಬರೂ ಸೇರಿ ತಲೆ ತಿಂದ ಮೇಲೆ ಮೇಸ್ತ್ರಿ ಸೋತ. ‘ಕೆಲಸ ಮಾಡಿಸಿಕೊಂಡು ಬಾಯಿಗೆ ಬೀಗ ಹಾಕಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ’ ಎಂದು ಒಂದು ಸಾಲು ಕಳಿಸಿದ. ಸಾಲೇನೋ ಚೆನ್ನಾಗಿತ್ತು. ಅಷ್ಟು ದಿನ ಮಲಗಿದ್ದ ಹಸಿರು ಛತ್ರಿ ಧಡಕ್ಕನೆ ಎದ್ದು ಉತ್ತರ ಕೊಟ್ಟ: ‘ನನ್ನ ಮರ್ಯಾದೆ ಸುದ್ದಿಗೆ ಬರಬೇಡ. ನಿನ್ನ ಭಾಷಣ ಕೆಲಸಕ್ಕೆ ಬಾರದು. ದುಡ್ಡು ವಾಪಸ್ ಮಾಡು.’

ಕ್ಷಮೆ ಕೇಳೋಣವೆಂದು ಮೇಸ್ತ್ರಿ ಬೆರಳೆತ್ತುವಷ್ಟರಲ್ಲಿ ಭಾವಮೈದುನ ಕೈಚಾಚಿ ‘ತಕರಾರು’ ಎಂಬ ಗುಂಡಿ ಒತ್ತಿಯೇ ಬಿಟ್ಟ. ಸಂತೆಯವರು ದುಡ್ಡಿಗೆ ಬೀಗ ಜಡಿದರು. ಇಬ್ಬರೂ ಮಧ್ಯಾಹ್ನದೊಳಗೆ ತಮ್ಮ ತಮ್ಮ ಮಾತು ಬರೆದು ಕಳಿಸಬೇಕು, ಓದಿ ತೀರ್ಪು ಕೊಡುತ್ತೇವೆ, ಅದೇ ಕೊನೆ ಎಂದರು. ಹೆಂಡತಿ ತಮ್ಮನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು, ಗಂಡನಿಗೆ ಕೊಡಲಿಲ್ಲ.

ಮೇಸ್ತ್ರಿ ಬರೆಯಲು ಕೂರುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಮಾಲೀಕರು. ಆದರೆ ಅವರು ಬಾಡಿಗೆ ಕೇಳಲಿಲ್ಲ. ಒಳಗೆ ಬಂದು, ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು.

"ಮೇಸ್ತ್ರಿಗಳೇ, ಆನ್‌ಲೈನ್‌ನಲ್ಲಿ ಗುಟ್ಟಾಗಿ ಒಂದು ಮಾಲು ತರಿಸಿದ್ದೆ. ಮಾರಿದೋನು ಜಗಳಕ್ಕೇ ಬಂದಿದ್ದಾನೆ. ನೀವೇನೋ ಬರೀತೀರಂತಲ್ಲ, ಒಂದು ದೂರು ಬರ್ಕೊಡಿ."

ಯಾವ ಮಾಲು ಎಂದು ಕೇಳಿದರೆ ಅವರು ನಾಚಿಕೊಂಡರು. ಸಂಜೆ ನಾಲ್ಕು ಜನರೆದುರು ನಿಲ್ಲಬೇಕಾದಾಗ ಬೇಕಾಗುವಂಥದ್ದು, ಅಷ್ಟು ಸಾಕು ಎಂದರು. ಮೇಸ್ತ್ರಿಯ ಕಣ್ಣು ಅವರ ಬೋಳು ತಲೆಯ ಮೇಲೆ ಹೋಗಿ ನಿಂತಿತು. ಓಹೋ, ಕೃತಕ ಕೂದಲು ಎಂದುಕೊಂಡು ಮುಂದೆ ಕೇಳಲಿಲ್ಲ.

"ಇದೊಂದು ಮಾಡ್ಕೊಡಿ, ಬಾಡಿಗೆ ಮಾತು ಒಂದು ವಾರ ಎತ್ತಲ್ಲ" ಎಂದರು ಮಾಲೀಕರು.

ಒಂದು ವಾರ ಎಂದ ಮೇಲೆ ಕೇಳಬೇಕೆ. ಮೇಸ್ತ್ರಿ ತನ್ನ ವಿದ್ಯೆಯನ್ನೆಲ್ಲ ಅದರಲ್ಲಿ ಸುರಿದ. ತೀರ್ಪು ಕೊಡುವವರಿಗೆ ಬೈಗುಳ ಹಿಡಿಸುವುದಿಲ್ಲ, ನೊಂದವನ ದನಿ ಹಿಡಿಸುತ್ತದೆ ಎಂದು ಅವನಿಗೆ ಗೊತ್ತಿತ್ತು. ‘ಈ ಮಾಲಿಗೆ ಹೊಳಪಿದೆ, ಆದರೆ ನನಗೆ ಹೊಂದುವುದಿಲ್ಲ. ಕೇಳಿದ್ದಕ್ಕೆ ಸಿಕ್ಕಿದ್ದು ಅವಮಾನ. ನಾನು ಕಳೆದುಕೊಂಡದ್ದು ದುಡ್ಡನ್ನಲ್ಲ, ಮನುಷ್ಯರ ಮೇಲಿನ ನಂಬಿಕೆಯನ್ನು’ ಎಂದು ಮುಗಿಸಿದ. ಮಾಲೀಕರು ಕಣ್ಣೊರೆಸಿಕೊಂಡು, ಸೊಸೆಯ ಕೈಲಿ ಟೈಪ್ ಮಾಡಿಸುತ್ತೇನೆಂದು ಹಾಳೆಯನ್ನು ಜೋಪಾನವಾಗಿ ಒಯ್ದರು.

ತನ್ನ ಪಾಲಿನದನ್ನು ಬರೆಯಲು ಹೊತ್ತೂ ಉಳಿದಿರಲಿಲ್ಲ, ಮಾತೂ ಉಳಿದಿರಲಿಲ್ಲ. ‘ಭಾಷಣ ಬರೆದಿದ್ದೇನೆ. ದುಡ್ಡು ಕೊಡಿಸಿ’ ಎಂದಷ್ಟೇ ಗೀಚಿ ಕಳಿಸಿದ.

ಹೊತ್ತು ಮುಳುಗುವ ಮುಂಚೆ ತೀರ್ಪು ಬಂತು. ದುಡ್ಡು ಗಿರಾಕಿಗೆ. ಕೆಳಗೆ ಕಾರಣವನ್ನೂ ಕೊಟ್ಟಿದ್ದರು: ಬರೆದವನ ಉತ್ತರ ಉಡಾಫೆಯದು, ಗಿರಾಕಿಯ ಅಳಲು ಮನ ಕಲಕುವಂತಿದೆ, ಅದರಲ್ಲೂ ‘ನಾನು ಕಳೆದುಕೊಂಡದ್ದು ದುಡ್ಡನ್ನಲ್ಲ...’

ಮುಂದಿನದನ್ನು ಮೇಸ್ತ್ರಿ ಓದಬೇಕಾಗಿರಲಿಲ್ಲ. ಮೆಟ್ಟಿಲಿಳಿದು ಕೆಳಗೆ ಓಡಿದ. ಮಾಲೀಕರ ಬಾಗಿಲು ತೆರೆದಿತ್ತು. ಕೋಟು ಹಾಕಿಕೊಂಡು, ಹಾಳೆ ಹಿಡಿದು, ಕನ್ನಡಿಯೆದುರು ನಿಂತು ಅವರು ಕೈಯೆತ್ತಿ ಹೇಳುತ್ತಿದ್ದರು: "ಕುರ್ಚಿ ಖಾಲಿಯಾಗಬಹುದು..."

"ಅದು ಚೆನ್ನಾಗಿಲ್ಲ ಅಂದ್ರಲ್ಲ?" ಎಂದ ಮೇಸ್ತ್ರಿ.

ಮಾಲೀಕರು ಸಿಕ್ಕಿಬಿದ್ದವರಂತೆ ನಕ್ಕರು. "ಕೇಳಿಸ್ತಾ? ಇದೇ ಆ ಮಾಲು. ಹಳೇ ಸ್ನೇಹಿತನ್ನ ಬೀಳ್ಕೊಡ್ಬೇಕು, ನನಗೆ ಮಾತು ಜೋಡಿಸೋಕೆ ಬರಲ್ಲ, ಯಾರಿಗೂ ಹೇಳ್ಬೇಡಿ. ಭಾಷಣ ಬಂಗಾರದಂಥದ್ದು. ದುಡ್ಡಿನ ಕಡೆ ನನ್ನ ಗಮನಾನೇ ಇರಲಿಲ್ಲ, ಇವತ್ತು ತಾನಾಗೇ ಹೋಗಿಬಿಡ್ತಿತ್ತು. ಬೆಳಗ್ಗೆ ಅವನು ಕೆಣಕಿದ, ಅದಕ್ಕೇ ಹಟ ಬಂತು. ಅವನೇನಾದ್ರೂ ಎದುರಿಗೆ ಸಿಗ್ಬೇಕು, ಆಮೇಲಿದೆ."

ಎದುರಿಗೇ ಸಿಕ್ಕಿದ್ದ ಮೇಸ್ತ್ರಿ ಬಾಯಿ ತೆರೆದ. ಬಾಡಿಗೆಗೆ ಸಿಕ್ಕಿದ್ದ ಒಂದು ವಾರದ ವಾಯಿದೆ ನೆನಪಾಗಿ ಮುಚ್ಚಿಕೊಂಡ. ಬುದ್ಧಿ ಬಂತು, ಆದರೆ ಬರಬಾರದ ಹೊತ್ತಿಗೆ ಬಂತು.

"ಹೇಗೂ ಬಂದಿದ್ದೀರಿ, ಇನ್ನೊಂದು ಉಪಕಾರ" ಎಂದು ಮಾಲೀಕರು ಮೊಬೈಲನ್ನು ಅವನ ಕೈಗಿತ್ತರು. "ಇವನು ಎಂಥೋನು ಅಂತ ನಾಲ್ಕು ಜನಕ್ಕೆ ಗೊತ್ತಾಗೋ ಹಾಗೆ ಬರೀಬೇಕಂತೆ. ನಕ್ಷತ್ರ ಒಂದೇ ಕೊಟ್ಟಿದ್ದೀನಿ. ಕೆಳಗೆ ಎರಡು ಮಾತು ನೀವೇ ಸೇರಿಸಿ."

ಮೇಸ್ತ್ರಿ ಕುರ್ಚಿಯಲ್ಲಿ ಕುಸಿದು ಕೂತು ಯೋಚಿಸಿ ಬರೆದ: ‘ಬರೆಯಲು ಬರುತ್ತದೆ. ಸುಮ್ಮನಿರಲು ಬರುವುದಿಲ್ಲ.’

ಮಾಲೀಕರು ಓದಿ ಅವನ ಬೆನ್ನು ತಟ್ಟಿದರು. "ಭಲೇ, ಅವನನ್ನ ಹತ್ತಿರದಿಂದ ನೋಡ್ದೋರ ಹಾಗೆ ಬರೆದಿದ್ದೀರಿ."