ಒಂದು ರೇಸಿಗೆ ಐದು ಕುದುರೆ

ಯೋಚನೆ ಮಾಡದೆ ಕುದುರೆ ಮೇಲೆ ದುಡ್ಡು ಕಟ್ಟೋರ ಕಥೆ ಬಿಡಿ, ಲೆಕ್ಕ ಹಾಕಿ ಕಟ್ಟೋ ನನಗೇ ಇಂಥ ಫಜೀತಿಗಳು ಮೇಲಿಂದ ಮೇಲೆ ಆಗ್ತಾ ಇರುತ್ವೆ. ಕಾಮಾಕ್ಷಿಪಾಳ್ಯದಲ್ಲಿ ನಂದೊಂದು ಲೇತ್ ವರ್ಕ್‌ಶಾಪ್. ಒಂದೇ ಗಿರಾಕಿ ನಂಬಿ ಕೂತ್ರೆ ಶಟರ್ ಎಳೀಬೇಕಾಗುತ್ತೆ, ನಾಲ್ಕೈದು ಕಡೆ ಆರ್ಡರ್ ಹಿಡೀಬೇಕು. ರೇಸಿಗೂ ನನ್ನ ಸೂತ್ರ ಅದೇ.

೧. ಎಲ್ಲಾ ನಮ್ಮವೇ

ಮೊದಲನೇ ಸಲ ಎಂಟು ಕುದುರೆ ಓಡ್ತಿದ್ವು. ಎಂಟಕ್ಕೂ ನೂರು ನೂರು ಕಟ್ಟಿದೆ. ಸೋಲೋ ಮಾತೇ ಇಲ್ಲ! ಎಲ್ರೂ ಗೆಲ್ಲುತ್ತೆ ಅಂತಿದ್ದ ಕುದುರೇನೇ ಗೆಲ್ತು, ಇನ್ನೂರೈವತ್ತು ಕೈಗೆ ಬಂತು. ಖುಷೀಲಿ ಪಕ್ಕದ ಗ್ಯಾರೇಜಿನ ಗೆಳೆಯನಿಗೆ ಮಸಾಲೆ ದೋಸೆ ಕೊಡಿಸ್ದೆ. ಮನೇಲಿ ಹೆಂಡ್ತಿ ಎಲ್ಲಾ ಕೇಳಿಸ್ಕೊಂಡು, "ರೀ, ದಯವಿಟ್ಟು ಇನ್ನೊಂದ್ಸಲ ಗೆಲ್ಬೇಡಿ" ಅಂದ್ಲು.

೨. ಗೆಳೆಯನಿಗೆ ಪಾಠ

ಆ ಗೆಳೆಯ ಯಾವಾಗ್ಲೂ ಒಂದೇ ಕುದುರೆ ಗಿರಾಕಿ. "ಲೋ, ರಿಸ್ಕ್ ಹಂಚ್ಕೋಬೇಕು ಕಣೋ" ಅಂತ ರೇಸಿಗೆ ಹೋಗ್ತಾ ಮೆಟ್ರೋದಲ್ಲಿ ದಾರಿಯುದ್ದಕ್ಕೂ ಪಾಠ ಮಾಡ್ದೆ. ಪಾಪ, ಮೂರಕ್ಕೆ ಕಟ್ಟಿದ. ಮೂರರ ಹೆಸರನ್ನೂ ಕೂಗಿ ಕೂಗಿ ಗಂಟಲು ಕಟ್ಕೊಂಡ. ಗೆದ್ದಿದ್ದು ನಾಲ್ಕನೇದು. "ಇಷ್ಟು ದಿನ ರೇಸಿಗೆ ಒಂದೇ ಸಲ ಸೋಲ್ತಿದ್ದೆ ಗುರು" ಅಂದ.

೩. ಬಿಟ್ಟ ಕುದುರೆ

ಕೊನೆಗೆ ಹೆಂಡ್ತಿ ಶರತ್ತು ಹಾಕಿದ್ಲು: "ಈ ಭಾನುವಾರ ನಾನೂ ಬರ್ತೀನಿ. ಎರಡು ಸಾವಿರ ತಗೊಂಡು ಹೋಗೋಣ. ಒಂದು ರೂಪಾಯಿ ಜಾಸ್ತಿ ಮನೆಗೆ ಬಂದ್ರೂ ಸರಿ, ಇಲ್ಲಾಂದ್ರೆ ಅವತ್ತಿಗೇ ರೇಸ್ ಬಂದ್."

ನನ್ನ ಭಾನುವಾರಗಳೇ ಪಣಕ್ಕೆ ಬಿದ್ವಲ್ಲಪ್ಪಾ!

ಕೊನೇ ರೇಸಿನ ಹೊತ್ತಿಗೆ ಸಾವಿರದ ನೂರು ಉಳಿದಿತ್ತು. ಓಡೋದು ಆರು ಕುದುರೆ. ಐದಕ್ಕೆ ತಲಾ ಇನ್ನೂರು ಕಟ್ಟಿದೆ. ಆರನೇದು ನಿಂತಲ್ಲೇ ಆಕಳಿಸ್ತಾ ಇತ್ತು, ಅದನ್ನ ಬಿಟ್ಟೆ. ಮಿಕ್ಕ ನೂರು ಹೆಂಡ್ತಿ ಕೈಗಿಟ್ಟು, "ಜ್ಯೂಸ್ ಕುಡಿ ಹೋಗು, ಇದು ನಮ್ದೇ" ಅಂದೆ.

ಆಕಳಿಸ್ತಿದ್ದ ಕುದುರೆ ಐದನ್ನೂ ಹಿಂದೆ ಹಾಕಿ ಗೆದ್ದುಬಿಡ್ತು. ತಿರುಗಿ ನೋಡಿದ್ರೆ ಹೆಂಡ್ತಿ ಇಲ್ಲ. ಹುಡುಕಿದ್ರೆ ಕೌಂಟರ್ ಹತ್ರ ನಿಂತು ಮೂರು ಸಾವಿರ ಎಣಿಸ್ತಾ ಇದಾಳೆ!

"ಜ್ಯೂಸಿನ ದುಡ್ಡನ್ನ ಅದಕ್ಯಾಕೆ ಕಟ್ಟಿದೆ ಮಾರಾಯ್ತಿ?"

"ನೀವು ಬೇಡ ಅಂತ ಕಳಿಸಿದ ಗಿರಾಕಿಗಳಿಂದಾನೇ ತಾನೇ ಎದುರಿನ ವರ್ಕ್‌ಶಾಪಿನೋರು ಮೂರು ಮಹಡಿ ಕಟ್ಸಿದ್ದು?"

ಶರತ್ತಿನ ಪ್ರಕಾರ ಮನೆಗೆ ಜಾಸ್ತೀನೇ ಬಂತು, ನನ್ನ ಭಾನುವಾರ ಉಳೀತು. ಈಗ ದೀಪಾಂಜಲಿ ನಗರದಲ್ಲಿ ಇಬ್ರೂ ಒಟ್ಟಿಗೇ ಮೆಟ್ರೋ ಹತ್ತುತ್ತೀವಿ. ಲೆಕ್ಕ ಹಾಕೋದು ಇವತ್ತಿಗೂ ನಾನೇ. ನಾನು ಕಟ್ಟಿ ಬಂದ್ಮೇಲೆ ಅವಳು ಪರ್ಸ್ ತೆಗೆದು ಕೇಳೋದು ಒಂದೇ ಮಾತು: "ಯಾವುದನ್ನ ಬಿಟ್ರಿ?"