ಸಿಲ್ವೆಸ್ಟರನ ಬೈಕಿನ ಆಟ

ಮುಂಬಯಿಯಿಂದ ಲಾರಿಯಲ್ಲಿ ಬಂದ ಆಟದ ಯಂತ್ರ ಮಣಿಪಾಲದ ಅಂಗಡಿಯೊಳಗೆ ನಿಂತ ಮರುದಿನವೇ ಅಪೊಲೋನಿಯಾ ಬಾಯಿ ಬಂದದ್ದು ಸಿಲ್ವೆಸ್ಟರನ ಗ್ರಹಚಾರ. ಅವರ ಮಗಳು ಇಮೆಲ್ಡಾಳನ್ನು ಅವನಿಗೆ ಕೊಡುವ ಮಾತು ಮುಕ್ಕಾಲು ಮುಗಿದಿತ್ತು. ಹುಡುಗ ನಡೆಸುವುದು ವಿಡಿಯೋ ಗೇಮ್ ಅಂಗಡಿಯೋ ಜುಗಾರಿ ಅಡ್ಡೆಯೋ ಎಂಬ ಒಂದೇ ಸಂಶಯ ಉಳಿದಿತ್ತು. ೧೯೮೪ರಲ್ಲಿ ಆ ವ್ಯತ್ಯಾಸ ಎಷ್ಟು ಜನರಿಗೆ ಗೊತ್ತಿತ್ತು! ಇಮೆಲ್ಡಾಳನ್ನು ಕಾಪುವಿನ ಒಂದು ಮದುವೆಯಲ್ಲಿ ಕಂಡಂದಿನಿಂದ ಸಿಲ್ವೆಸ್ಟರನಿಗಂತೂ ಮೀನುಸಾರು ಕೂಡ ರುಚಿಸುತ್ತಿರಲಿಲ್ಲ.

"ಇದು ಎಂತ ಆಟ?" ಬಾಯಿ ಕೇಳಿದರು.

"ಬೈಕಿನ ಆಟ ಆಂಟಿ. ಢಿಕ್ಕಿ ಆಗದ ಹಾಗೆ ಓಡಿಸುವುದು, ಅಷ್ಟೇ. ಜುಗಾರಿ ಗಿಗಾರಿ ಎಂತದ್ದೂ ಇಲ್ಲ."

ನಾಣ್ಯ ಹಾಕಿದ. ಪರದೆಯ ತುಂಬ ಜೇಡಗಳು ಹರಿದಾಡಿದವು.

"ಬೈಕ್ ಎಲ್ಲಿ?"

"ಬರ್ತದೆ ಆಂಟಿ. ನಿನ್ನೆ ಇತ್ತು."

ಇನ್ನೊಂದು ನಾಣ್ಯ ಹಾಕಿದರೆ ಟ್ಯಾಂಕೊಂದು ಗುಂಡು ಹಾರಿಸಿತು. ಸಿಲ್ವೆಸ್ಟರ್ ತಬ್ಬಿಬ್ಬಾಗಿ ಯಂತ್ರದ ಹಿಂದೆ ಇಣುಕಿದ, ಬೈಕು ಅಲ್ಲೆಲ್ಲೋ ಬಿದ್ದಿರಬಹುದು ಎನ್ನುವಂತೆ.

ಗದ್ದಲ ಕೇಳಿ ಪಕ್ಕದ ಸೈಕಲ್ ಶಾಪಿನ ಸ್ಟ್ಯಾನಿಸ್ಲಾಸ್ ಕರೆಯದೆಯೇ ಬಂದ. "ನಿನಗೆ ಟೋಪಿ ಹಾಕಿದ್ದಾರೆ ಮಾರಾಯ! ನಾಲ್ಕು ಹಾಳು ಯಂತ್ರಗಳ ಸಾಮಾನು ಒಂದರಲ್ಲೇ ತುಂಬಿಸಿದ್ದಾರೆ. ಎರಡು ಕುಟ್ಟು, ಸರಿ ಆಗ್ತದೆ."

ಸಿಲ್ವೆಸ್ಟರ್ ಕುಟ್ಟಿದ. ಪರದೆಯ ಮೇಲೆ ತಿರುಗುವ ಒಂದು ಗೋಡೆ ಕೆಳಗಿಳಿಯತೊಡಗಿತು. ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದ. ಬೈಕು ಬಂತು!

"ನೋಡಿ ಆಂಟಿ!"

ಆಂಟಿ ಆಗಲೇ ಹೊಸ್ತಿಲು ದಾಟಿದ್ದರು. "ಬೈಕ್ ಅಂತ ಹೇಳಿ ಟ್ಯಾಂಕ್ ತೋರಿಸುವವನು ನಾಳೆ ನನ್ನ ಮಗಳಿಗೆ ಎಂತ ತೋರಿಸ್ತಾನೋ!" ಎಂದವರೇ ಸಂತೆಕಟ್ಟೆಯ ಬಸ್ಸು ಹತ್ತಿದರು.

ಸಿಲ್ವೆಸ್ಟರ್ ತಲೆಯ ಮೇಲೆ ಕೈಹೊತ್ತು ಕುಳಿತ. ಈ ದರಿದ್ರ ಪೆಟ್ಟಿಗೆ ಇರುವ ತನಕ ಇಮೆಲ್ಡಾ ತನ್ನವಳಾಗುವುದಿಲ್ಲ ಎಂದು ಅವನಿಗೆ ಅಳುವೇ ಬಂತು.

"ಅಳಬೇಡ ಮಾರಾಯ, ಅದನ್ನು ನಾನು ಗುಜರಿಗೆ ಇಟ್ಟುಕೊಳ್ತೇನೆ," ಎಂದ ಸ್ಟ್ಯಾನಿಸ್ಲಾಸ್. "ಬದಲಿಗೆ ಈ ಸೈಕಲ್ ನಿನಗೆ. ಈಗಲೇ ಹೋಗಿ ಬಾಯಿಯ ಹತ್ತಿರ ಕ್ಷಮೆ ಕೇಳು. ಪೆಟ್ಟಿಗೆಯೇ ಇಲ್ಲ ಅಂತ ಹೇಳು."

ಸಿಲ್ವೆಸ್ಟರ್ ಏದುಸಿರು ಬಿಡುತ್ತ ಸಂತೆಕಟ್ಟೆಗೆ ಸೈಕಲ್ ತುಳಿದ. ಬಾಯಿಯ ಮನೆಗೆ ಬೀಗ. ಬೆವರಿನಲ್ಲಿ ಮಿಂದು ವಾಪಸು ಬಂದರೆ ಅವನ ಅಂಗಡಿಯ ಬಾಗಿಲಲ್ಲೇ ಅಪೊಲೋನಿಯಾ ಬಾಯಿ ಗಂಡ ಬ್ಯಾಪ್ಟಿಸ್ಟರೊಂದಿಗೆ ನಗುತ್ತ ನಿಂತಿದ್ದರು.

"ಎಂತ ಮಗ, ನನಗೆ ಹೇಳಬಾರದಿತ್ತಾ? ಹಡಗಿನಲ್ಲಿ ಇದ್ದಾಗ ಇವರು ಅದನ್ನು ಆಡಿದ್ದಾರಂತೆ. ಒಂದೇ ಯಂತ್ರದಲ್ಲಿ ನಾಲ್ಕು ಆಟ! ಅದು ಹಾಳಾದದ್ದಲ್ಲ, ಇರುವುದೇ ಹಾಗಂತೆ. ಅಂಥದ್ದನ್ನು ತರಿಸಿದ ಹುಡುಗ ಜೋರಿನವನು, ಕಣ್ಣುಮುಚ್ಚಿ ಮಗಳನ್ನು ಕೊಡುವ ಅಂದರು."

ಸಿಲ್ವೆಸ್ಟರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಎಲ್ಲಿ ಅದು? ಒಂದು ಆಟ ಆಡಿಯೇ ಹೋಗುವ," ಎಂದರು ಬ್ಯಾಪ್ಟಿಸ್ಟ್.

ಪಕ್ಕದ ಸೈಕಲ್ ಶಾಪಿನಿಂದ ಕಾಲೇಜು ಹುಡುಗರ ಕೇಕೆ ಕೇಳಿಬಂತು. ಸಿಲ್ವೆಸ್ಟರ್ ಅತ್ತ ಬೆರಳು ತೋರಿಸಿದ. ಬ್ಯಾಪ್ಟಿಸ್ಟ್ ಆ ಗುಂಪಿನೊಳಗೆ ನುಗ್ಗಿದರು. ಅಲ್ಲಿ ನಾಣ್ಯ ಹಿಡಿಯಲು ಸ್ಟ್ಯಾನಿಸ್ಲಾಸನಿಗೆ ಎರಡು ಕೈ ಸಾಲುತ್ತಿರಲಿಲ್ಲ.

ಅಪೊಲೋನಿಯಾ ಬಾಯಿ ಸ್ಟ್ಯಾನಿಸ್ಲಾಸನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮತ್ತೆ ಸಿಲ್ವೆಸ್ಟರನ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಕೇಳಿದರು:

"ಹೌದಾ ಮಗ, ಆ ಹುಡುಗನೂ ನಮ್ಮವನೇ ಅಲ್ವಾ? ಮದುವೆ ಆಗಿದೆಯಾ?"