ಕಾಶ್ಯಪ ಗೋತ್ರದ ಚಿತ್ರಕಾರ

ನಮ್ಮ ಸೋದರಮಾವ ಲಂಡನ್ನಿನಲ್ಲಿ ಒಬ್ಬ ಇಂಗ್ಲಿಷ್ ಚಿತ್ರಕಾರನ ಶ್ರಾದ್ಧ ಮಾಡುತ್ತಿದ್ದರು ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ನಾನೂ ವಡೆ ತಿಂದ ಮೇಲೆಯೇ ನಂಬಿದ್ದು!

ಮಾವ ರಿಟೈರ್ ಆಗುವವರೆಗೆ ಒಂದು ಗ್ಯಾಲರಿಯಲ್ಲಿ ಕಾವಲಿಗಿದ್ದರು. ಅವರ ಕುರ್ಚಿ ಇದ್ದದ್ದು ಹತ್ತೊಂಬತ್ತನೆಯ ಶತಮಾನದ ಈ ಮಹಾಶಯನ ಚಿತ್ರಗಳಿದ್ದ ಕೋಣೆಯಲ್ಲಿ. ಸಿರಿವಂತ ಹೆಂಗಸರ ಚಿತ್ರ ಬರೆದು ಬದುಕಿದವನು. ಒಂದು ಕಾಲಕ್ಕೆ ಊರೆಲ್ಲ ಅವನದೇ ಹೆಸರಂತೆ. ಈಗ ಆ ಕೋಣೆಗೆ ಬರುವವರೆಲ್ಲ ಟಾಯ್ಲೆಟ್ ಎಲ್ಲಿ ಎಂದು ಕೇಳಲು ಬರುವವರೇ. ಪಾಪ, ಮಾವನಾದರೂ ಏನು ಮಾಡಬೇಕು? ಗೋಡೆಯ ಮೇಲಿನವರ ಜೊತೆಗೇ ನೆಂಟಸ್ತನ ಬೆಳೆಸಿದರು. ಹೌನ್ಸ್ಲೋದ ಮನೆಗೆ ಬಂದವರಿಗೆಲ್ಲ ಚಿತ್ರಕಾರನ ಚರಿತ್ರೆಯನ್ನು ಪಕ್ಕದ ಮನೆಯವನ ಸುದ್ದಿಯ ಹಾಗೆ ಹೇಳುತ್ತಿದ್ದರು.

"ಕತ್ತೇ ಇಲ್ಲದ ಡಚೆಸ್‌ಗೂ ಉದ್ದ ಕತ್ತು ಬರೆದುಕೊಡ್ತಿದ್ದ ಕಣೋ. ಮನೆ ಮುಂದೆ ಸಾರೋಟು ಸಾಲುಗಟ್ಟಿ ನಿಲ್ತಿತ್ತು. ಆಮೇಲೆ ಫ್ಯಾಷನ್ ಬದಲಾಯ್ತು, ಒಬ್ಬಳೂ ಬಾಗಿಲು ತಟ್ಟಲಿಲ್ಲ. ಬಾಡಿಗೆ ಕೋಣೇಲಿ ಒಬ್ಬನೇ ಸತ್ತ. ಹೆಂಡತಿ ಇಲ್ಲ, ಮಕ್ಕಳಿಲ್ಲ."

ಮಕ್ಕಳಿಲ್ಲ ಎನ್ನುವಾಗ ಮಾವನ ದನಿ ತಗ್ಗುತ್ತಿತ್ತು. ಅವರಿಗೂ ಅತ್ತೆಗೂ ಮಕ್ಕಳಿರಲಿಲ್ಲ.

ರಿಟೈರ್ ಆದ ವರ್ಷ ಮಾವ ಘೋಷಿಸಿದರು: "ಇಷ್ಟು ವರ್ಷ ಅವನ ಮುಂದೆ ಕೂತು ಅನ್ನ ಸಂಪಾದಿಸಿದ್ದೀನಿ. ಅವನಿಗೊಂದು ಹಿಡಿ ಅನ್ನ ಹಾಕೋರು ಯಾರೂ ಇಲ್ಲ." ಹೋಗಿ ಗೋರಿಯ ಮೇಲಿನ ತಾರೀಖು ನೋಡಿಕೊಂಡು ಬಂದರು. ವಿಡಿಯೋ ಕಾಲ್‌ನಲ್ಲಿ ಮೈಸೂರಿನ ಪುರೋಹಿತರು ತಿಥಿ ಏನೋ ಹುಡುಕಿಕೊಟ್ಟರು, ಆಮೇಲೆ ಬೆವರತೊಡಗಿದರು.

"ಗೋತ್ರ ಯಾವುದು ಸ್ವಾಮೀ?"

"ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ನೀವೇ ಹೇಳಿದ್ರಲ್ಲ."

ಹೀಗೆ ಡಚೆಸ್‌ಗಳ ಚಿತ್ರಕಾರ ನಮ್ಮವನಾದ.

ಅಡುಗೆಯೆಲ್ಲ ಅತ್ತೆಯದು. ಸೌತ್‌ಹಾಲ್‌ಗೆ ಹೋಗಿ ಬಾಳೆಎಲೆ, ಹಾಗಲಕಾಯಿ ತಂದು, "ರಾಣಿಯರ ಮನೇಲಿ ಉಂಡವನಿಗೆ ಹಾಗಲಕಾಯಿ ಹಿಡಿಸುತ್ತೇನ್ರೀ?" ಎನ್ನುತ್ತಿದ್ದರು.

"ಕೊನೆಗಾಲದಲ್ಲಿ ಬರೀ ಬ್ರೆಡ್ ತಿಂದವನು ಕಣೇ, ಎಲ್ಲಾ ಹಿಡಿಸುತ್ತೆ."

ಹಿತ್ತಲಲ್ಲಿ ಎಲೆಯಿಟ್ಟು ಮಾವ ಕಾ ಕಾ ಎಂದು ಕೂಗಿದರು. ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ ಇಣುಕಿ, ಇವರ ಡಾಕ್ಟರಿಗೆ ಫೋನ್ ಮಾಡಲೇ ಎಂದು ಅತ್ತೆಯನ್ನು ಕೇಳಿದಳು. ಕಾಗೆ ಮಾತ್ರ ತಪ್ಪದೆ ಬಂತು. ಪ್ರತಿ ವರ್ಷವೂ ಬರುತ್ತಿತ್ತು.

ಹೋದ ವರ್ಷ ಅತ್ತೆ ತೀರಿಕೊಂಡರು. ಬೆಳಿಗ್ಗೆ ಕಾಫಿ ಕೊಟ್ಟವರು ಮಧ್ಯಾಹ್ನಕ್ಕೆ ಇರಲಿಲ್ಲ. ಮಾವ ಆ ಮೇಲೆ ಚಿತ್ರಕಾರನ ಸುದ್ದಿಯನ್ನೇ ಎತ್ತಲಿಲ್ಲ. ಈ ವರ್ಷ ಅತ್ತೆಯ ವರ್ಷಾಬ್ದಿಕಕ್ಕೆ ಈಸ್ಟ್ ಹ್ಯಾಮ್‌ನಿಂದ ಅಡುಗೆಯವರನ್ನು ಕರೆಸುತ್ತೇನೆ ಎಂದು ನಾನೆಂದರೆ ಕೇಳಲಿಲ್ಲ. ಎಲ್ಲ ತಾವೇ ಮಾಡಿದರು. ವಡೆ ಕಲ್ಲಾಯಿತು, ಪಾಯಸ ತಳ ಹಿಡಿಯಿತು.

ಕಾಗೆ ಬಂದು ಪಕ್ಕದ ಮನೆಯ ಸೂರಿನ ಮೇಲೆ ಕೂತಿತು. ಕೆಳಗಿಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಅದೇನೆಂದು ಊಹಿಸಿ ಮಾತು ಕೊಡಬೇಕು. ಮಾವ ತಲೆಯೆತ್ತಿ ಒಂದೊಂದಾಗಿ ಹೇಳತೊಡಗಿದರು.

"ಬಳೆ ನಿನ್ನ ತಂಗಿ ಮಗಳಿಗೇ ಕೊಡ್ತೀನಿ."

ಕಾಗೆ ಕದಲಲಿಲ್ಲ.

"ಮಾತ್ರೆ ತಪ್ಪಿಸಲ್ಲ ಕಣೇ."

ಇಲ್ಲ.

"ನಂಗೂ ಅವನ ಚಿತ್ರ ತೋರಿಸಿ ಅಂತ ನೀನು ಕೇಳಿದ್ದೆ. ಮುಂದಿನ ವಾರ, ಮುಂದಿನ ವಾರ ಅಂತಾನೇ ನಾನು ಕಳೆದೆ."

ಕಾಗೆ ಹಾರಿಹೋಯಿತು. "ಒಳಗೆ ಬನ್ನಿ ಮಾವ, ಚಳಿ. ಅತ್ತೆಗೆ ನಿಮ್ಮ ಮೇಲೆ ಕೋಪ ಏನಿಲ್ಲ" ಎಂದೆ.

"ಕೋಪ ಅಲ್ಲ ಕಣೋ" ಎಂದರು ಮಾವ, ಎಲೆಯ ಮುಂದಿನಿಂದ ಏಳದೆ. "ಮದುವೆಯಾದಾಗಿಂದ ಒಂದು ದಿನಾನೂ ಅವಳಿಗೆ ನಾನು ಬಡಿಸಿಲ್ಲ. ಈ ಎಲೆ ತನಗೇ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?"